ತೆಲುಗು ಹಾಡು, ಕನ್ನಡ ಅಕ್ಷರ: ದೇಶದ ಪುಸ್ತಕಪಟ್ಟಿಯಲ್ಲಿ ಇದಕ್ಕೆ ಜಾಗ ಎಲ್ಲಿ?

ನಮ್ಮಜ್ಜಿಯ ಟ್ರಂಕಿನಲ್ಲಿ ಒಂದು ಭಜನೆ ಪುಸ್ತಕ ಇತ್ತು. ಅಂಗೈ ಅಗಲ, ನಲವತ್ತು ಪುಟ. ಮೂಲೆಗಳನ್ನೆಲ್ಲ ಗೆದ್ದಲು ತಿಂದು ದುಂಡಗೆ ಮಾಡಿಟ್ಟಿತ್ತು. ಚಿಂತಾಮಣಿ ಕಡೆಯ ಮನೆಗಳಲ್ಲಿ ಇಂಥ ಪುಸ್ತಕ ಅಪರೂಪವೇನಲ್ಲ. ಒಳಗಿರುವುದು ಕೈವಾರ ತಾತಯ್ಯನವರ ತತ್ವಪದಗಳು. ಅಕ್ಷರ ಕನ್ನಡ, ಮಾತು ತೆಲುಗು. ಅಜ್ಜಿಗೆ ತೆಲುಗು ಲಿಪಿ ಓದಲು ಬರುತ್ತಿರಲಿಲ್ಲ. ತೆಲುಗು ಪದ ಹಾಡಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಬೈಯುವುದು ತೆಲುಗಿನಲ್ಲಿ, ಹಾಲಿನ ಲೆಕ್ಕ ಕನ್ನಡದಲ್ಲಿ. ನಮ್ಮ ಕಡೆ ಇದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ.

ತೊಂದರೆ ಶುರುವಾಗಿದ್ದು ನಾನು ಮನೆಯ ಪುಸ್ತಕಗಳನ್ನು ಜೋಡಿಸಲು ಕೂತಾಗ. ಕನ್ನಡದ್ದು ಒಂದು ಸಾಲು, ತೆಲುಗಿನದು ಒಂದು ಸಾಲು, ಕೆಜಿಎಫ್‌ನಲ್ಲಿ ಕೆಲಸ ಮಾಡಿದ್ದ ಚಿಕ್ಕಪ್ಪ ತಂದಿದ್ದ ತಮಿಳು ಪುಸ್ತಕ ನಾಲ್ಕಾರು, ಬಾಡಿಗೆಗಿದ್ದ ಮೇಷ್ಟ್ರು ಬಿಟ್ಟುಹೋದ ಉರ್ದು ಪುಸ್ತಕ ಎರಡು. ಎಲ್ಲಕ್ಕೂ ಜಾಗ ಸಿಕ್ಕಿತು. ಅಜ್ಜಿಯ ಪುಸ್ತಕ ಮಾತ್ರ ಕೈಯಲ್ಲೇ ಉಳಿಯಿತು. ಅಕ್ಷರ ನೋಡಿದರೆ ಒಂದು ಸಾಲು, ಹಾಡು ಕೇಳಿದರೆ ಇನ್ನೊಂದು ಸಾಲು.

ಒಂದು ಕಪಾಟಿಗೇ ಈ ಪಾಡು. ಹಾಗಾದರೆ ಇಡೀ ದೇಶದ ಪುಸ್ತಕಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸುವವರು ಏನು ಮಾಡುತ್ತಾರೆ? ಅಂಥ ಪಟ್ಟಿ ನಿಜವಾಗಿಯೂ ಇದೆ. ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಅಂತ ಅದರ ಹೆಸರು. ಸಿದ್ಧವಾಗುವುದು ಕೋಲ್ಕತ್ತದ ಬೆಲ್ವೆಡೇರ್ ಆವರಣದ ಸೆಂಟ್ರಲ್ ರೆಫರೆನ್ಸ್ ಲೈಬ್ರರಿಯಲ್ಲಿ. ರಾಷ್ಟ್ರೀಯ ಗ್ರಂಥಾಲಯ ಇರುವುದೂ ಅದೇ ಆವರಣದಲ್ಲಿ.

ಇದು ಗ್ರಂಥಾಲಯದ ಕ್ಯಾಟಲಾಗ್ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಸ್ವಲ್ಪ ಬೇರೆ. ಗ್ರಂಥಾಲಯದ ಕ್ಯಾಟಲಾಗ್ ನಮ್ಮಲ್ಲಿ ಏನಿದೆ ಎಂದು ಹೇಳುತ್ತದೆ. ರಾಷ್ಟ್ರೀಯ ಗ್ರಂಥಸೂಚಿ ಈ ದೇಶದಲ್ಲಿ ಏನೇನು ಅಚ್ಚಾಯಿತು ಎಂದು ಹೇಳಬೇಕು. ಒಂಥರಾ ಜನನ ನೋಂದಣಿ ಪುಸ್ತಕ ಇದ್ದ ಹಾಗೆ.

ಹುಟ್ಟಿದ ಸುದ್ದಿ ತಲುಪಬೇಕಲ್ಲ? ಅದಕ್ಕೆ 1954ರಲ್ಲಿ ಒಂದು ಕಾಯ್ದೆ ಬಂತು. ಪುಸ್ತಕ ಪ್ರಕಟಿಸಿದವರು 30 ದಿನದೊಳಗೆ, ತಮ್ಮದೇ ಖರ್ಚಿನಲ್ಲಿ, ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಹೋಗಬೇಕು. ಈ ಕಾಯ್ದೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅಂದರೆ ಪುಸ್ತಕ ಎಂದರೇನು ಎಂದು ಹೇಳುವ ಸಾಲು. ಸಂಪುಟ, ಸಂಪುಟದ ಭಾಗ, ಕಿರುಹೊತ್ತಿಗೆ, ಅದೂ ಯಾವುದೇ ಭಾಷೆಯದ್ದು. ಅಂದರೆ ಅಜ್ಜಿಯ ನಲವತ್ತು ಪುಟವೂ ಕಾನೂನಿನ ಕಣ್ಣಲ್ಲಿ ಪೂರ್ತಿ ಪುಸ್ತಕ.

ಹೀಗೆ ಬಂದ ಪುಸ್ತಕಗಳನ್ನು ನೋಡಿಕೊಂಡೇ ಸೂಚಿ ತಯಾರಾಗುತ್ತದೆ. ಮೊದಲ ಸಂಚಿಕೆ ಹೊರಬಂದದ್ದು 1958ರ ಆಗಸ್ಟ್ 15ರಂದು. 1957ರ ಕೊನೆಯ ಮೂರು ತಿಂಗಳ ಪುಸ್ತಕಗಳು ಅದರಲ್ಲಿದ್ದವು. ಆಗ ಇದರ ನೊಗ ಹೊತ್ತವರು ಬಿ.ಎಸ್. ಕೇಶವನ್. ರಾಷ್ಟ್ರೀಯ ಗ್ರಂಥಾಲಯದ ಗ್ರಂಥಪಾಲಕರೂ ಅವರೇ. ಅದಕ್ಕೂ ಹಿಂದಿನ ಕಾಲದ್ದೇನು ಅಂದರೆ, 1901ರಿಂದ 1953ರವರೆಗಿನ ಭಾರತೀಯ ಸಾಹಿತ್ಯದ ಪುಸ್ತಕಗಳಿಗೆ ಸಾಹಿತ್ಯ ಅಕಾಡೆಮಿ ನಾಲ್ಕು ಸಂಪುಟದ ಬೇರೆಯದೇ ಸೂಚಿ ಮಾಡಿಸಿತು. ಕನ್ನಡ ಅದರ ಎರಡನೇ ಸಂಪುಟದಲ್ಲಿ ಹಿಂದಿ, ಕಾಶ್ಮೀರಿ, ಮಲಯಾಳಗಳ ಜೊತೆ ಕೂತಿದೆ. ಅಲ್ಲಿ ಭಾಷೆಗೊಂದು ಭಾಗ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಭಾಷೆಗಳನ್ನು ನಿಲ್ಲಿಸಿದ್ದರಿಂದ ಈ ನಾಲ್ವರು ನೆರೆಯವರಾದರು, ಅಷ್ಟೇ.

ಕೇಶವನ್ ಅವರ ಮುಂದಿದ್ದ ಕೆಲಸ ಜಾಸ್ತಿ ಕಷ್ಟದ್ದು. ಇಂಗ್ಲಿಷ್, ಸಂಸ್ಕೃತ ಸೇರಿ 14 ಭಾಷೆ. ಎಣಿಸಿದರೆ 11 ಲಿಪಿ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಸೂಚಿಯಲ್ಲೂ ನಾಲ್ಕು ಭಾಷೆ ಇದೆ, ಆದರೆ ನಾಲ್ಕಕ್ಕೂ ಒಂದೇ ಲಿಪಿ. ಅಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅಷ್ಟೇನೂ ತಲೆನೋವಲ್ಲ. ನಮ್ಮಲ್ಲಿ ‘ಕ’ ಮೊದಲೋ ‘ಅಲಿಫ್’ ಮೊದಲೋ ಎಂಬಲ್ಲಿಂದಲೇ ಜಗಳ ಶುರು.

ಭಾಷೆಗೊಂದು ಪಟ್ಟಿ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಶಿಡ್ಲಘಟ್ಟದ ರೇಷ್ಮೆ ಸಾಕಣೆಯವರ ಕಡೆಯಿಂದ ಯೋಚಿಸಿ ನೋಡಿ. ಹುಳು ಸಾಕುವ ಬಗ್ಗೆ ಕನ್ನಡದಲ್ಲಿ ಪುಸ್ತಕ ಇದೆ. ಗಡಿ ದಾಟಿದರೆ ತೆಲುಗಿನಲ್ಲಿ, ತಮಿಳಿನಲ್ಲಿ ಇದೆ. ಬಂಗಾಳದ ಮಾಲ್ದಾ ಕಡೆಯೂ ರೇಷ್ಮೆ ಬೆಳೆಯುತ್ತಾರೆ, ಅಲ್ಲಿ ಬಂಗಾಳಿಯಲ್ಲಿ ಇರುತ್ತದೆ. ಇವೆಲ್ಲ ಬೇರೆ ಬೇರೆ ಪಟ್ಟಿಯಲ್ಲಿ ಬಿದ್ದರೆ, ರೇಷ್ಮೆ ಬಗ್ಗೆ ಈ ದೇಶದಲ್ಲಿ ಏನೆಲ್ಲ ಬಂದಿದೆ ಎಂದು ನೋಡಲು 14 ಪಟ್ಟಿ ತಿರುವಬೇಕು. ಒಂದೇ ಪಟ್ಟಿ ಬೇಕು ಎಂಬ ಹಟ ಹುಟ್ಟುವುದು ಇಲ್ಲಿ.

ಅದಕ್ಕೆ ಮೊದಲು ಮಾಡುವ ಕೆಲಸ ಅಂದರೆ ಭಾಷೆಯನ್ನೇ ಪಕ್ಕಕ್ಕಿಟ್ಟು ನಂಬರ್ ಹಾಕುವುದು. ಕೋಲಾರದ ಟೊಮೇಟೊ ಮಂಡಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಾಲು ತಂದವನು ಮದನಪಲ್ಲಿಯ ತೆಲುಗಿನವನಿರಬಹುದು, ಕೊಳ್ಳಲು ನಿಂತವನು ಹಿಂದಿಯವನಿರಬಹುದು. ಲಾಟಿನ ನಂಬರ್ ಇಬ್ಬರಿಗೂ ಒಂದೇ. ಪುಸ್ತಕಗಳಿಗೆ ಅಂಥ ನಂಬರ್ ಕೊಡುವ ಪದ್ಧತಿಯನ್ನು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದರು. ಅದರಲ್ಲಿ ರೇಷ್ಮೆ ಹುಳುವಿನ ನಂಬರ್ 638.2. ಪುಸ್ತಕ ಕನ್ನಡದ್ದಿರಲಿ, ಬಂಗಾಳಿಯದ್ದಿರಲಿ, ಸೂಚಿಯಲ್ಲಿ 638.2ರ ಕೆಳಗೆ ಒಟ್ಟಿಗೆ ಬಂದು ಕೂರುತ್ತವೆ. ನಮ್ಮ ಸೂಚಿಯ ಮೂಲ ಎಲುಬು ಇದೇ ನಂಬರ್.

ಸಾಹಿತ್ಯಕ್ಕೆ ಬಂದರೆ ಭಾಷೆಯನ್ನು ಪಕ್ಕಕ್ಕಿಡಲು ಆಗುವುದಿಲ್ಲ. ಕವಿತೆ ಎಂದ ಮೇಲೆ ಯಾವ ಭಾಷೆಯ ಕವಿತೆ ಅಂತ ಕೇಳಲೇಬೇಕು. ಡ್ಯೂಯಿ ಪದ್ಧತಿಯಲ್ಲಿ ಸಾಹಿತ್ಯಕ್ಕೆ 800. ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ 1 ಹಾಕಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ. ತೆಲುಗಿಗೆ 894.827, ತಮಿಳಿಗೆ 894.811. ಉರ್ದು ಬೇರೆ ಓಣಿ, 891.439. ನಮ್ಮ ಮನೆ ಕಪಾಟಿನ ನಾಲ್ಕು ಭಾಷೆಗೂ ವಿಳಾಸ ಸಿಕ್ಕಿತು. ಕೊನೆಯಲ್ಲಿ 1 ಇದ್ದರೆ ನಾಲ್ಕರಲ್ಲೂ ಅದು ಕಾವ್ಯವೇ. ಲಿಪಿ ಗೊತ್ತಿಲ್ಲದವನಿಗೂ ಇದು ಪದ್ಯದ ಪುಸ್ತಕ ಅಂತ ತಿಳಿಯುತ್ತದೆ.

ಆದರೆ ಈ ವಿಳಾಸ ನೋಡಿದಾಗಲೆಲ್ಲ ನನಗೆ ಸ್ವಲ್ಪ ಉರಿಯುತ್ತದೆ. ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರವರೆಗೆ ಹತ್ತು ಕೋಣೆಯ ಬಂಗಲೆ. ಸಾವಿರ ವರ್ಷಕ್ಕೂ ಹಿಂದೆ ಕಾವ್ಯ ಬರೆದ ಕನ್ನಡಕ್ಕೆ 894ರ ಹಿತ್ತಲು, ಅಲ್ಲೂ ದಶಾಂಶ ಬಿಂದುವಿನ ಆಚೆ. ಅದೇ 894ರಲ್ಲಿ ನಮ್ಮ ಜೊತೆ ವಠಾರ ಹಂಚಿಕೊಂಡವರು ಯಾರು ಗೊತ್ತಾ? ತುರ್ಕಿ, ಹಂಗೇರಿ, ಫಿನ್ಲೆಂಡಿನ ಸಾಹಿತ್ಯದವರು. 1876ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ಕೂತು ನೋಡಿದವರಿಗೆ ಪ್ರಪಂಚ ಹಾಗೆ ಕಂಡಿತು, ಏನು ಮಾಡುವುದು. ಇದು ಸರಿಯಿಲ್ಲ ಎಂದು ಬೇರೆ ಪದ್ಧತಿಯನ್ನೇ ಕಟ್ಟಿದವರು ಎಸ್.ಆರ್. ರಂಗನಾಥನ್. 1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂತು. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. ಸೂಚಿಯ ಹಳೆಯ ಸಂಚಿಕೆಗಳಲ್ಲಿ ಪ್ರತಿ ನಮೂದಿನ ಮೇಲೆ ಡ್ಯೂಯಿ ನಂಬರ್, ಕೆಳಗೆ ಬಲಮೂಲೆಯಲ್ಲಿ ರಂಗನಾಥನ್ ಅವರ ನಂಬರ್ ಇರುತ್ತಿತ್ತು. ಸಾಲು ನಿಲ್ಲುತ್ತಿದ್ದದ್ದು ಮಾತ್ರ ಡ್ಯೂಯಿ ಹೇಳಿದಂತೆ.

ಇಲ್ಲೊಂದು ನಿಯಮ ಇದೆ. ಅಜ್ಜಿಯ ಪುಸ್ತಕದ ಬೀಗದ ಕೈ ಇದೇ. ಸಾಹಿತ್ಯದ ಪುಸ್ತಕಕ್ಕೆ ನಂಬರ್ ಕೊಡುವಾಗ ಅದು ಮೊದಲು ಯಾವ ಭಾಷೆಯಲ್ಲಿ ಹುಟ್ಟಿತು ಅಂತ ನೋಡುತ್ತಾರೆ. ಮಾಸ್ತಿಯವರ ಕಥೆಗಳನ್ನು ಯಾರೋ ಹಿಂದಿಗೆ ಅನುವಾದ ಮಾಡಿದರು ಅಂದುಕೊಳ್ಳಿ. ರಕ್ಷಾಪುಟದಿಂದ ಬೆನ್ನಿನವರೆಗೆ ಎಲ್ಲ ಹಿಂದಿಯೇ. ಆದರೂ ಅದಕ್ಕೆ ಸಿಗುವುದು 894.8143, ಕನ್ನಡ ಕಥೆಯ ನಂಬರ್. ಹೆಣ್ಣುಮಗಳು ಯಾವ ಊರಿಗೆ ಹೋಗಿ ನೆಲೆಸಿದರೂ ತವರು ಬದಲಾಗುವುದಿಲ್ಲವಲ್ಲ, ಹಾಗೆ. ಅನುವಾದಕ್ಕೇ ಹೀಗೆ ಅಂದಮೇಲೆ, ಬರೀ ಲಿಪಿ ಬದಲಾದ ಹಾಡಿನ ಮಾತೇನು. ತಾತಯ್ಯನವರು ತೆಲುಗಿನಲ್ಲೂ ಹಾಡಿದ್ದಾರೆ, ಕನ್ನಡದಲ್ಲೂ ಹಾಡಿದ್ದಾರೆ. ತೆಲುಗು ಪದಗಳ ಪುಸ್ತಕ ಕನ್ನಡ ಅಕ್ಷರದಲ್ಲಿದ್ದರೂ ತೆಲುಗು ಕಾವ್ಯ, 894.8271. ಕನ್ನಡ ಕೀರ್ತನೆಗಳ ಪುಸ್ತಕ 894.8141. ಒಂದೇ ಮಠದ ಮುಂದಿನ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಮಾರುವ ಎರಡು ಪುಸ್ತಕ, ಸೂಚಿಯಲ್ಲಿ ಬೇರೆ ಬೇರೆ ಮನೆ. ಅಥವಾ ಸೂಚಿಕಾರರು ಇವನ್ನು ಸಾಹಿತ್ಯ ಅನ್ನದೆ ಭಕ್ತಿ ಪುಸ್ತಕ ಎಂದು ತೀರ್ಮಾನಿಸಿದರೆ ಎರಡೂ ಧರ್ಮದ 200ರ ಸಾಲಿಗೆ ಹೋಗಿ ಮತ್ತೆ ಹತ್ತಿರವಾಗಬಹುದು. ಹಾಡು ಕಾವ್ಯವೋ ಪೂಜೆಯೋ? ಅಜ್ಜಿಯನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದಳು.

ನಮ್ಮ ಮನೆಗಳ ಸಂಧ್ಯಾವಂದನೆ, ಸಹಸ್ರನಾಮದ ಪುಸ್ತಕಗಳೂ ಹೀಗೇ. ಅಕ್ಷರ ಕನ್ನಡ, ಭಾಷೆ ಸಂಸ್ಕೃತ. ಹಾಗಾಗಿ ಸೂಚಿಕಾರರಿಗೆ ಲಿಪಿ ಓದಲು ಬಂದರೆ ಸಾಲದು, ಓದಿದ್ದು ಯಾವ ಭಾಷೆ ಅಂತ ಗೊತ್ತಾಗಬೇಕು. ಅದಕ್ಕೇ ಭಾಷೆಗೊಬ್ಬರು ತಿಳಿದವರು ಅಲ್ಲಿ ಬೇಕು.

ಸರಿ, ನಂಬರ್ ಆಯಿತು. ಒಂದೇ ನಂಬರಿನ ಕೆಳಗೆ ಐದು ಭಾಷೆಯ ಪುಸ್ತಕ ಬಂದವು. ಅವುಗಳ ಒಳಗೆ ಯಾವುದು ಮೊದಲು? ಹೆಸರಿನ ಅಕಾರಾದಿ ಬೇಕು. ಅಕಾರಾದಿ ಬೇಕಾದರೆ ಒಂದೇ ಲಿಪಿ ಬೇಕು. ಆಯ್ಕೆಯಾದದ್ದು ರೋಮನ್ ಲಿಪಿ, ಅಂದರೆ ಇಂಗ್ಲಿಷ್ ಅಕ್ಷರಗಳು. ದೇವನಾಗರಿ ಆಗಿದ್ದರೆ ದಕ್ಷಿಣದವರು ಸುಮ್ಮನಿರುತ್ತಿದ್ದರೇ ಅನ್ನುವುದು ಬೇರೆ ಚರ್ಚೆ. ಎಲ್ಲರಿಗೂ ಸಮಾನವಾಗಿ ಹೊರಗಿನದ್ದು ಎಂಬುದೇ ಅದರ ಅರ್ಹತೆ ಇರಬೇಕು.

26 ಅಕ್ಷರಕ್ಕೆ ನಮ್ಮ ವರ್ಣಮಾಲೆ ಹಿಡಿಸುವುದಿಲ್ಲ. ಅದಕ್ಕೆ ತಲೆಯ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕಿ. ‘ಅ’ ಬರೀ ಅಕ್ಷರ, ‘ಆ’ ಬಂದರೆ ತಲೆ ಮೇಲೆ ಅಡ್ಡಗೆರೆ. ‘ತ’ ಬರೀ ಅಕ್ಷರ, ‘ಟ’ ಬಂದರೆ ಕೆಳಗೊಂದು ಚುಕ್ಕಿ. ‘ಳ’ಕ್ಕೂ ಚುಕ್ಕಿ. ‘ಶ’ಕ್ಕೆ ಮೇಲೆ ಓರೆಗೆರೆ, ‘ಷ’ಕ್ಕೆ ಕೆಳಗೆ ಚುಕ್ಕಿ. ನಾವು ಮೊಬೈಲಿನಲ್ಲಿ ಕಂಗ್ಲಿಷ್ ಬರೆಯುವ ರೀತಿಗೂ ಇದಕ್ಕೂ ಸಂಬಂಧವಿಲ್ಲ. ‘ಚಿಂತಾಮಣಿ’ಯನ್ನೇ ತಗೊಳ್ಳಿ. ಬಸ್ಸಿನ ಬೋರ್ಡಿನಲ್ಲಿ ಇಂಗ್ಲಿಷಿನ ‘ಸಿ’ ಪಕ್ಕ ‘ಎಚ್’ ಇರುತ್ತದೆ. ಈ ಪದ್ಧತಿಯಲ್ಲಿ ‘ಎಚ್’ ಮಾಯ. ಯಾಕೆಂದರೆ ಬರೀ ‘ಸಿ’ ಅಂದರೆ ‘ಚ’, ‘ಎಚ್’ ಸೇರಿದರೆ ಅದು ‘ಛ’. ಬಸ್ಸಿನ ಬೋರ್ಡ್ ನಂಬಿಕೊಂಡು ಸೂಚಿಯಲ್ಲಿ ಹುಡುಕಿದರೆ ನಮ್ಮೂರು ಸಿಗುವುದೇ ಇಲ್ಲ. ನಡುವಿನ ಸೊನ್ನೆಯದ್ದು ಇನ್ನೊಂದು ರಗಳೆ. ಒಂದು ಪದ್ಧತಿಯವರು ಅದನ್ನು ಮುಂದಿನ ಅಕ್ಷರಕ್ಕೆ ತಕ್ಕಂತೆ ‘ನ್’ ಮಾಡುತ್ತಾರೆ. ಇನ್ನೊಂದು ಪದ್ಧತಿಯವರು ಚುಕ್ಕಿ ಇಟ್ಟ ‘ಎಂ’ ಹಾಕುತ್ತಾರೆ. ಒಂದು ಚುಕ್ಕಿಯಲ್ಲಿ ಪುಸ್ತಕ ಹತ್ತು ಪುಟ ಆಚೀಚೆ.

ಕನ್ನಡ, ತೆಲುಗಿಗೆ ಇದರಿಂದ ಒಂದು ಲಾಭ ಇದೆ. ಲಿಪಿ ಕಳಚಿದ ಕೂಡಲೇ ಎರಡೂ ಮುಖಾಮುಖಿ ಕೂರುತ್ತವೆ. ಕನ್ನಡದ ‘ವೇಮನ’ನೂ ತೆಲುಗಿನ ‘ವೇಮನ’ನೂ ರೋಮನ್‌ನಲ್ಲಿ ಅಕ್ಷರಕ್ಷರ ಒಂದೇ. ಹಿಂದಿ ಬಂದರೆ ಸಣ್ಣ ಎಡವಟ್ಟು. ನಮಗೆ ‘ಎ’ ಬೇರೆ, ‘ಏ’ ಬೇರೆ, ಹಾಗಾಗಿ ನಮ್ಮ ‘ದೇವಿ’ಯ ‘ಏ’ ಮೇಲೆ ಗೆರೆ ಬೇಕು. ಹಿಂದಿಯಲ್ಲಿರುವುದು ಒಂದೇ, ಅವರು ಗೆರೆ ಹಾಕುವುದಿಲ್ಲ. ಒಬ್ಬಳೇ ದೇವಿ, ಎರಡು ಕಾಗುಣಿತ.

ತಮಿಳಿನಲ್ಲಿ ಇನ್ನೂ ಮಜಾ. ಆ ಲಿಪಿಯಲ್ಲಿ ‘ಕ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ, ‘ತ’ಕ್ಕೂ ‘ಧ’ಕ್ಕೂ ಒಂದೇ. ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ರೋಮನ್ ಮಾಡಿದರೆ ‘ಗಾಂಧಿ’ ಹೋಗಿ ‘ಕಾಂತಿ’ ಆಗುತ್ತಾರೆ. ಕೆಜಿಎಫ್ ಚಿಕ್ಕಪ್ಪನ ಪುಸ್ತಕಗಳಲ್ಲಿ ಗಾಂಧಿ ಕುರಿತದ್ದು ಒಂದಿತ್ತು. ಅದನ್ನು ‘ಜಿ’ ಅಕ್ಷರದಲ್ಲಿ ಹುಡುಕಿದರೆ ಸಿಗದು, ‘ಕೆ’ಯಲ್ಲಿ ಹುಡುಕಬೇಕು. ಉರ್ದುವಿನಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ವ್ಯಂಜನ ನೋಡಿ ಪದ ಗುರುತಿಸಿ, ಸ್ವರವನ್ನು ಸೂಚಿಕಾರರೇ ತುಂಬಬೇಕು. ತಮಿಳಿನಲ್ಲಿ ಕಣ್ಣಿಗೆ ಕಂಡದ್ದನ್ನು ಬರೆದರೆ ಉಚ್ಚಾರಣೆ ಹೋಯಿತು, ಉರ್ದುವಿನಲ್ಲಿ ಬರೀ ಕಂಡದ್ದನ್ನು ಬರೆದರೆ ಪದವೇ ಹೋಯಿತು.

ಹಾಗಾದರೆ ಕನ್ನಡಿಗ ತನ್ನ ಭಾಷೆಯ ಪುಸ್ತಕವನ್ನು ಚುಕ್ಕಿ ಗೆರೆಗಳ ನಡುವೆಯೇ ಹುಡುಕಬೇಕಾ? ಈ ಕೊರಗು ಮೊದಲಿನಿಂದಲೂ ಇತ್ತು. ಅದಕ್ಕೇ ಭಾಷಾವಾರು ಕಿರುಸಂಪುಟಗಳು ಬಂದವು. ಕನ್ನಡದ ಪುಸ್ತಕಗಳಷ್ಟೇ, ಕನ್ನಡ ಲಿಪಿಯಲ್ಲಿ. ದೊಡ್ಡ ಸೂಚಿ ದೇಶಕ್ಕೆ, ಕಿರುಸಂಪುಟ ಆ ಭಾಷೆಯವರಿಗೆ. ಕಂಪ್ಯೂಟರ್ ಬಂದ ಮೇಲೆ ಈ ಎರಡನ್ನೂ ಒಂದೇ ದಾಖಲೆಯಲ್ಲಿ ಇಡಬಹುದು. ಮಾರ್ಕ್ ಎಂಬ ದಾಖಲೆ ಪದ್ಧತಿಯಲ್ಲಿ ರೋಮನ್ ಹೆಸರಿನ ಜೊತೆಗೇ ಮೂಲ ಲಿಪಿಯ ಹೆಸರನ್ನು ಜೋಡಿಯಾಗಿ ಇಡಲು ಜಾಗ ಇದೆ. ಅದರ ನಂಬರ್ 880. ಇದನ್ನು ತುಂಬುತ್ತಾರೋ ಬಿಡುತ್ತಾರೋ ಎನ್ನುವುದರ ಮೇಲೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವನ ಹಣೆಬರಹ ನಿಂತಿದೆ.

ಈಗ ಲೇಖಕರ ಹೆಸರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ತುಂಬಾ ತಲೆಕೆಡಿಸುವ ಭಾಗ ಇದೇ. ಯುರೋಪಿನ ಲೆಕ್ಕದಲ್ಲಿ ಮನೆತನದ ಹೆಸರು ಕೊನೆಯಲ್ಲಿರುತ್ತದೆ, ಅದನ್ನು ಮುಂದೆ ತಂದರೆ ಆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಗೆ ಹಾಗೆ ಮಾಡಿದರೆ ‘ಅಯ್ಯಂಗಾರ್’ ಅಡಿಯಲ್ಲಿ ಹುಡುಕಬೇಕು. ಅಲ್ಲಿ ಅರ್ಧ ಮೈಸೂರೇ ಸಿಗುತ್ತದೆ. ಕನ್ನಡಿಗರ ಬಾಯಲ್ಲಿ ಅವರು ಮಾಸ್ತಿ, ಮಾಲೂರು ತಾಲೂಕಿನ ಒಂದು ಊರಿನ ಹೆಸರು. ಕಥೆ ಬರೆಯುವಾಗ ಅವರು ಶ್ರೀನಿವಾಸ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಅವರ ಹೆಸರಿನ ‘ಡಿ’ ಅಂದರೆ ದೇವನಹಳ್ಳಿ. ಡಿವಿಜಿ, ಡಿ.ವಿ. ಗುಂಡಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಮೂರೂ ಪುಸ್ತಕಗಳ ಮೇಲೆ ಬರಬಹುದು. ಮೂರು ಜನ ಅಂದುಕೊಂಡರೆ ಕೆಲಸ ಕೆಟ್ಟಿತು.

ತುಮಕೂರು ಜಿಲ್ಲೆ ಇದಕ್ಕೆ ಇನ್ನೂ ಒಳ್ಳೆಯ ಪರೀಕ್ಷೆ ಕೊಟ್ಟಿದೆ. ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಒಬ್ಬರು ಶ್ರೀಕಂಠಯ್ಯ ಹುಟ್ಟಿದರು. ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಇನ್ನೊಬ್ಬರು ಶ್ರೀಕಂಠಯ್ಯ. ಇಬ್ಬರೂ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಇಬ್ಬರೂ ಕನ್ನಡ ಭಾಷೆ, ಸಾಹಿತ್ಯದ ಬಗ್ಗೆ ಬರೆದವರು. ಮೊದಲನೆಯವರು ಬಿಎಂಶ್ರೀ, ಎರಡನೆಯವರು ತೀನಂಶ್ರೀ. ನಮಗೆ ಗೊಂದಲವೇ ಇಲ್ಲ. ಕನ್ನಡ ಗೊತ್ತಿಲ್ಲದ ಸೂಚಿಕಾರನಿಗೆ ಮುಂದಿರುವುದು ‘ಶ್ರೀಕಂಠಯ್ಯ’ ಎಂಬ ಒಂದೇ ಪದ, ಹಿಂದೆ ಒಂದೆರಡು ಅಕ್ಷರ. ಆ ಅಕ್ಷರಗಳೂ ನೆಟ್ಟಗಿಲ್ಲ. ‘ಬಿ.ಎಂ.’ ಎನ್ನುವುದು ಬೆಳ್ಳೂರು ಮೈಲಾರಯ್ಯ ಎಂಬುದರ ಇಂಗ್ಲಿಷ್ ಮೊದಲಕ್ಷರ. ‘ತೀ.ನಂ.’ ಎನ್ನುವುದು ತೀರ್ಥಪುರ ನಂಜುಂಡಯ್ಯ ಎಂಬುದರ ಕನ್ನಡ ಮೊದಲಕ್ಷರ. ಅವರೇ ಬೇರೆ ಕಡೆ ‘ಟಿ.ಎನ್.’ ಆಗುತ್ತಾರೆ. ಇದನ್ನು ಅಕ್ಷರಕ್ಕೆ ಅಕ್ಷರ ರೋಮನ್ ಮಾಡಿದರೆ ‘ಎನ್’ ಎಂಬ ಒಂದು ಇಂಗ್ಲಿಷ್ ಅಕ್ಷರ ಕನ್ನಡದ ಮೂಲಕ ಸುತ್ತಿ ಬಂದು ಎರಡು ಅಕ್ಷರವಾಗುತ್ತದೆ. ‘ಟಿ’ ಕಾಲ ಕೆಳಗೊಂದು ಚುಕ್ಕಿ ಇಟ್ಟುಕೊಂಡು ಅಪರಿಚಿತನಂತೆ ನಿಲ್ಲುತ್ತದೆ.

ಇದಕ್ಕೆ ಔಷಧ ಅಂದರೆ ಒಬ್ಬ ಲೇಖಕನಿಗೆ ಒಂದೇ ಅಧಿಕೃತ ರೂಪ. ಪಕ್ಕದಲ್ಲಿ ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಉಳಿದ ರೂಪಗಳೆಲ್ಲ ‘ಇಲ್ಲಿ ನೋಡಿ’ ಎಂದು ಕೈತೋರಿಸುವ ಬೋರ್ಡುಗಳು. 1884–1946 ಒಬ್ಬರು, 1906–1966 ಇನ್ನೊಬ್ಬರು. ಹೆಸರು ಮೋಸ ಮಾಡಿದ ಕಡೆ ವರ್ಷ ಕಾಪಾಡುತ್ತದೆ.

ಊರಿನ ಹೆಸರು ಅಷ್ಟು ಕಾಡುವುದಿಲ್ಲ. ಪುಸ್ತಕದಲ್ಲಿ ‘ತುಮಕೂರ್’ ಅಂತ ಇದ್ದರೆ ಹಾಗೇ ಇಳಿಸಿಕೊಳ್ಳುತ್ತಾರೆ, 2014ರಲ್ಲಿ ಇಂಗ್ಲಿಷ್ ಕಾಗುಣಿತ ಬದಲಾಯಿತು ಎಂದು ತಿದ್ದುವುದಿಲ್ಲ. ಚಿಂತಾಮಣಿ ಬಗ್ಗೆ 2007ಕ್ಕಿಂತ ಮುಂಚಿನ ಪುಸ್ತಕ ಕೋಲಾರ ಜಿಲ್ಲೆ ಎನ್ನುತ್ತದೆ, ಆಮೇಲಿನದು ಚಿಕ್ಕಬಳ್ಳಾಪುರ ಜಿಲ್ಲೆ ಎನ್ನುತ್ತದೆ. ಹುಡುಕುವವರು ಎರಡೂ ಕಡೆ ನೋಡಬೇಕು, ಅಷ್ಟೇ.

ಇನ್ನೊಂದು ಚಿಕ್ಕ ಜಾಣತನ ಹೇಳಿ ಮುಂದೆ ಹೋಗುತ್ತೇನೆ. 1969ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೂಚಿಕಾರರ ಒಂದು ಸಭೆ ನಡೆಯಿತು. ಅದರಿಂದ ಹುಟ್ಟಿದ್ದು ಚಿಹ್ನೆಗಳ ಒಂದು ಒಪ್ಪಂದ. ಶೀರ್ಷಿಕೆ ಮುಗಿದು ಲೇಖಕರ ಹೆಸರು ಬರುವ ಮುಂಚೆ ಓರೆಗೆರೆ. ಊರಿಗೂ ಪ್ರಕಾಶಕರಿಗೂ ನಡುವೆ ಎರಡು ಚುಕ್ಕಿ. ಆಮೇಲೆ ಅಲ್ಪವಿರಾಮ, ವರ್ಷ. ಭಾಷೆಯೇ ಗೊತ್ತಿಲ್ಲದಿದ್ದರೂ ಓರೆಗೆರೆಯ ಎಡಕ್ಕೆ ಇರುವುದು ಪುಸ್ತಕದ ಹೆಸರು, ಬಲಕ್ಕೆ ಇರುವುದು ಬರೆದವರು ಎಂದು ಹೇಳಬಹುದು. ನಾನು ಮಲಯಾಳದ ಒಂದು ನಮೂದು ಹಿಡಿದು ಪ್ರಯತ್ನಿಸಿದೆ. ಒಂದಕ್ಷರ ಓದಲು ಬರದೆ ಪ್ರಕಾಶಕರು ಯಾರೆಂದು ಬೆರಳಿಟ್ಟು ತೋರಿಸಿದೆ.

ಮತ್ತೆ ಅಜ್ಜಿಯ ಪುಸ್ತಕ. ಇಷ್ಟೆಲ್ಲ ತಿಳಿದ ಮೇಲೆ ನಾನೇ ಒಂದು ನಮೂದು ಬರೆಯಲು ಕೂತೆ. ಮೊದಲ ಕಷ್ಟ ವರ್ಷ. ಹಿಂಬದಿಯಲ್ಲಿ ‘ಪ್ರಭವ ಸಂವತ್ಸರ’ ಅಂತಷ್ಟೇ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1987ರಲ್ಲಿ ಬಂದಿತ್ತು, 1927ರಲ್ಲಿ ಬಂದಿತ್ತು, 1867ರಲ್ಲೂ ಬಂದಿತ್ತು. ಕೆಳಗೆ ‘ಬೆಲೆ ನಾಲ್ಕಾಣೆ’ ಅಂತ ಇದೆ. ಆಣೆಯ ಲೆಕ್ಕ 1957ರ ಏಪ್ರಿಲ್ 1ಕ್ಕೆ ಮುಗಿಯಿತು, ಹಾಗಾಗಿ 1987 ಅಲ್ಲ. ಅಚ್ಚು, ಕಾಗದ ನೋಡಿದರೆ 1867ರದ್ದಂತೂ ಅಲ್ಲ. ಉಳಿದದ್ದು 1927. ಆದರೂ ಅದು ನನ್ನ ಊಹೆ, ಪುಸ್ತಕ ಹೇಳಿದ್ದಲ್ಲ. ಸೂಚಿಕಾರರ ನಿಯಮದ ಪ್ರಕಾರ ಊಹೆಯನ್ನು ಚೌಕ ಕಂಸದಲ್ಲಿ ಹಾಕಿ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇಡಬೇಕು. ಇಟ್ಟೆ. ಆಮೇಲೆ ನಂಬರ್, 894.8271. ಮಾರ್ಕ್ ಪದ್ಧತಿಯಲ್ಲಿ ಭಾಷೆ, ಲಿಪಿಯ ಬಗ್ಗೆ ಟಿಪ್ಪಣಿ ಬರೆಯಲು 546 ಎಂಬ ಸಾಲು ಇದೆ. ಅಲ್ಲಿ ಬರೆದೆ: ತೆಲುಗು, ಕನ್ನಡ ಲಿಪಿಯಲ್ಲಿ. ಕಪಾಟಿನ ಮುಂದೆ ಅರ್ಧ ದಿನ ಒದ್ದಾಡಿದ್ದು ಮೂರು ಪದದಲ್ಲಿ ಮುಗಿಯಿತು.

ಸೂಚಿ ಶುರುವಾಗುವ ಮೂವತ್ತು ವರ್ಷ ಮುಂಚಿನ ಈ ಪುಸ್ತಕ ಅದರಲ್ಲಿರಲು ಸಾಧ್ಯವಿಲ್ಲ, ಸರಿ. ಆದರೆ ಆಮೇಲೆ ನಮ್ಮ ಕಡೆ ಅಚ್ಚಾದವೆಲ್ಲ ಅದರಲ್ಲಿವೆಯೇ? ಪಠ್ಯಪುಸ್ತಕದ ಗೈಡು, ಟೆಲಿಫೋನ್ ಡೈರೆಕ್ಟರಿ ಥರದವನ್ನು ಸೂಚಿಯೇ ಬೇಕಂತ ಬಿಡುತ್ತದೆ. ಅದಲ್ಲದೆ ಬಿಟ್ಟುಹೋದವುಗಳಲ್ಲಿ ನಮ್ಮ ತಪ್ಪೇ ಜಾಸ್ತಿ. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಸ್ನೇಹಿತರು ಸೇರಿ ನಮ್ಮೂರಿನ ಕೆರೆಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡಿದೆವು. ಐನೂರು ಪ್ರತಿ. ಅಚ್ಚು ಹಾಕಿದವರು ‘ಕೋಲ್ಕತ್ತಕ್ಕೆ ಕಳಿಸೋದು ನಾವೇ ನೋಡ್ಕೋತೀವಿ’ ಅಂದಿದ್ದರು. ನೋಡಿಕೊಳ್ಳಲಿಲ್ಲ. ನಾವು ಪ್ರಕಾಶಕರು, ಕಳಿಸುವ ಜವಾಬ್ದಾರಿ ನಮ್ಮದೇ ಎಂದು ನಮಗೂ ಗೊತ್ತಿರಲಿಲ್ಲ. ಮದುವೆ ಮನೆಯಲ್ಲಿ ಹಂಚಿ, ಶಾಲೆಗಳಿಗೆ ಕೊಟ್ಟು ಖಾಲಿ ಮಾಡಿದೆವು. ದೇಶದ ಪಟ್ಟಿಯಲ್ಲಿ ಆ ಪುಸ್ತಕ ಹುಟ್ಟೇ ಇಲ್ಲ.

ಕಳಿಸದಿದ್ದರೆ ಶಿಕ್ಷೆ ಇದೆ. 1954ರ ಕಾಯ್ದೆಯ ಪ್ರಕಾರ ಐವತ್ತು ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಆಗ ಐವತ್ತು ರೂಪಾಯಿಗೆ ತೂಕ ಇತ್ತು. ಈಗ ನಾಲ್ಕು ಊರಿಗೆ ಅಂಚೆಯಲ್ಲಿ ಕಳಿಸಲು ಅದಕ್ಕಿಂತ ಜಾಸ್ತಿ ಬೇಕು. ಐಎಸ್‌ಬಿಎನ್ ತಗೊಂಡಿದ್ದೇವಲ್ಲ, ಅಲ್ಲಿಂದಲೇ ಗೊತ್ತಾಗುತ್ತೆ ಅನ್ನುವವರಿದ್ದಾರೆ. ಅದು ದೆಹಲಿಯ ಏಜೆನ್ಸಿ ಕೊಡುವ ಗುರುತಿನ ಸಂಖ್ಯೆ ಮಾತ್ರ. ಅದರಲ್ಲಿ ಭಾರತದ್ದು ಅಂತ ತಿಳಿಸುವ 81 ಅಥವಾ 93 ಇರುತ್ತದೆ, ಕನ್ನಡವೋ ತೆಲುಗೋ ಅಂತ ತಿಳಿಸುವುದು ಏನೂ ಇರುವುದಿಲ್ಲ. ಅದು ಇದೆ ಎಂದ ಮಾತ್ರಕ್ಕೆ ಪುಸ್ತಕ ತಾನಾಗಿ ಕೋಲ್ಕತ್ತಕ್ಕೆ ನಡೆದುಕೊಂಡು ಹೋಗುವುದಿಲ್ಲ.

ಈ ವರ್ಷ ಕೆರೆ ಪುಸ್ತಕದ ಎರಡನೇ ಮುದ್ರಣಕ್ಕೆ ಕೈಹಾಕಿದ್ದೇವೆ. ಮೊದಲ ಮುದ್ರಣವನ್ನೇ ಕಳಿಸಿಲ್ಲವಾದ್ದರಿಂದ ಇದನ್ನು ಕಳಿಸಲೇಬೇಕು. ಕಾಯ್ದೆ ಪ್ರಕಾರ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುವ ಪ್ರತಿ, ಆ ಪುಸ್ತಕಕ್ಕೆ ಬಳಸಿದ್ದರಲ್ಲೇ ಒಳ್ಳೆಯ ಕಾಗದದ್ದು ಆಗಿರಬೇಕು. ಈ ಸಲ ಶೀರ್ಷಿಕೆ ಪುಟದ ಹಿಂಬದಿಯನ್ನು ನಾನೇ ಕೂತು ಬರೆದೆ. ಬರೆದವರೆಲ್ಲರ ಹೆಸರು ಒಳಗೂ ಹೊರಗೂ ಒಂದೇ ರೂಪದಲ್ಲಿ. ವರ್ಷ ಅಂಕಿಯಲ್ಲಿ. ಕೆರೆ ಹಾಡುಗಳಿರುವ ಕೊನೆಯ ಅಧ್ಯಾಯಕ್ಕೆ ಬೇರೆಯಾಗಿ ಒಂದು ಸಾಲು: ಭಾಷೆ ತೆಲುಗು, ಲಿಪಿ ಕನ್ನಡ. ಪ್ರೆಸ್ಸಿನಲ್ಲಿ ಪುಟ ಕಟ್ಟುವ ಹುಡುಗ ಅದನ್ನು ಎರಡು ಸಲ ಓದಿದ. ‘ಇದ್ಯಾಕೆ ಸಾರ್, ಓದಿದ್ರೆ ಗೊತ್ತಾಗಲ್ವಾ?’ ಅಂದ. ಬಾಗೇಪಲ್ಲಿ ಹುಡುಗ, ಅವನಿಗೆ ಗೊತ್ತಾಗುತ್ತದೆ. ಇರಲಿ ಹಾಕು ಅಂದೆ.